ಶಾದ್ಲಿಯಾ ಚಿಕ್ಕಮ್ಮನ ಗೌನುಗಳು

ಟುನಿಸ್
9 ನವೆಂಬರ್ 1997

ಪ್ರೀತಿಯ ನಜೀಹಾ,

ಆ ದಿನ ಫೋನಿನಲ್ಲಿ ನಾವಿಬ್ಬರೂ ಮಾತಾಡಿದ್ದಕ್ಕಿಂತ ಸುಮ್ಮನಿದ್ದದ್ದೇ ಹೆಚ್ಚು. ಟುನಿಸ್‌ನಿಂದ ಒಮಾನ್‌ಗೆ ಫೋನು ಹಚ್ಚಿ ಸುಮ್ಮನಿರುವುದು ನಮ್ಮಂಥ ಮೇಷ್ಟ್ರಿಗೆ ದುಬಾರಿ. ಅದಕ್ಕೇ ಕಾಗದ. ಇಲ್ಲಿ ಎಷ್ಟು ಹೊತ್ತು ಬೇಕಾದರೂ ಸುಮ್ಮನಿರಬಹುದು.

ನಿನ್ನ ಅಮ್ಮನನ್ನು, ನನ್ನ ಶಾದ್ಲಿಯಾ ಚಿಕ್ಕಮ್ಮನನ್ನು, ಚೆನ್ನಾಗಿಯೇ ಮಣ್ಣಿಗೆ ಕಳಿಸಿಕೊಟ್ಟೆವು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವರ ಜೊತೆ ಕೆಲಸ ಮಾಡಿದವರೆಲ್ಲ ಬಂದಿದ್ದರು. ಈಗ ಎಲ್ಲರೂ ಮುದುಕಿಯರು. ಒಬ್ಬರು ಅಳುತ್ತಲೇ ಹೇಳಿದರು: "ಇವಳು ಒಂದು ಸಲ 'ಹಲೋ' ಅಂದ್ರೆ, ಫೋನ್ ಮಾಡಿದೋನು ಯಾರಿಗೆ ಮಾಡಿದ್ದು ಅಂತಾನೇ ಮರೀತಿದ್ದ." ಎಲ್ಲರೂ ನಕ್ಕರು, ಆಮೇಲೆ ಮತ್ತೆ ಅತ್ತರು. ನಿನ್ನ ಅಣ್ಣ ಲಸಾದ್ ಬಾಗಿಲಲ್ಲಿ ನಿಂತು ಬಂದವರ ಕೈ ಹಿಡಿಯುತ್ತಿದ್ದ. ಅವನ ಹೆಂಡತಿ ರಫೀಕಾ ಮೂರು ದಿನವೂ ಒಲೆಯ ಮುಂದೆಯೇ ಇದ್ದಳು. ಅವಳು ಒಂದು ಹನಿ ಕಣ್ಣೀರು ಹಾಕಿದ್ದನ್ನು ನಾನು ನೋಡಲಿಲ್ಲ.

ನಾನು ಚಿಕ್ಕಮ್ಮ ಕೊಟ್ಟಿದ್ದ ಕಡುನೀಲಿ ಕೋಟು ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೇನೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಮಿಸ್, ಈ ಕೋಟು ನಿಮಗಿಂತ ದೊಡ್ಡದಾ?" ಹೌದು, ನನಗಿಂತ ಐದು ವರ್ಷ ದೊಡ್ಡದು, ಎದ್ದು ನಿಂತು ನಮಸ್ಕಾರ ಮಾಡು ಅಂದೆ. ಇಡೀ ಕ್ಲಾಸು ಎದ್ದು ನಿಂತು ಕೋಟಿಗೆ ನಮಸ್ಕಾರ ಮಾಡಿತು. ಅವತ್ತು ಭೌತಶಾಸ್ತ್ರದ ಪಾಠ ನಡೆಯಲಿಲ್ಲ.

ಹಳೆಯ ವಾಲ್ವ್ ರೇಡಿಯೋ ಒಂದು ಸಿಕ್ಕಿದೆ. ಬಿಚ್ಚಿ ಅಡುಗೆಮನೆಯ ಮೇಜಿನ ತುಂಬ ಹರಡಿದ್ದೇನೆ, ಊಟವನ್ನು ಮಂಚದ ಮೇಲೆ ಮಾಡುತ್ತಿದ್ದೇನೆ. ರಿಪೇರಿಯಾದರೆ ನಿಮ್ಮ ಮಸ್ಕತ್ ಸ್ಟೇಷನ್ ಹಿಡಿಯಲು ನೋಡುತ್ತೇನೆ.

ನಿನಗೆ ಬರಲಾಗಲಿಲ್ಲ ಎಂದು ಯಾರೂ ತಪ್ಪು ತಿಳಿದಿಲ್ಲ. ಅಂಥ ಅಮ್ಮನನ್ನು ಪಡೆದವಳು ನೀನು. ಅದನ್ನು ನೆನೆದು ಸಮಾಧಾನ ಮಾಡಿಕೊ.

ನಿನ್ನ
ಎಮ್ನಾ


ಸೂರ್, ಒಮಾನ್
28 ನವೆಂಬರ್ 1997

ಎಮ್ನಾ,

ನಿನ್ನ ಕಾಗದ ಬಂತು. ನೀನು ಅಲ್ಲಿದ್ದದ್ದು ಒಳ್ಳೆಯದಾಯಿತು. ನಮ್ಮ ಶಾಲೆಯಲ್ಲಿ ಪರೀಕ್ಷೆಯ ಸಮಯ, ರಜೆ ಸಿಗಲಿಲ್ಲ.

ಇಲ್ಲಿ ಎಲ್ಲ ಚೆನ್ನಾಗಿದೆ. ಸಂಜೆ ಸಮುದ್ರದ ಕಡೆ ನಡೆಯುತ್ತೇನೆ. ಹುಡುಗಿಯರಿಗೆ ಫ್ರೆಂಚ್ ಕ್ರಿಯಾಪದ ಕಲಿಸುತ್ತೇನೆ, ಅವರು ನನಗೆ ಮೀನಿನ ಹೆಸರು ಕಲಿಸುತ್ತಾರೆ. ಎರಡೂ ಕಡೆ ಮರೆವು ಜಾಸ್ತಿ.

ರೇಡಿಯೋ ಮಾತಾಡಿತೇ? ಕರೆಂಟು ತೆಗೆದ ಮೇಲೂ ಅದರ ಒಳಗೆ ಶಾಕ್ ಉಳಿದಿರುತ್ತದೆ ಎಂದು ನೀನೇ ನನಗೆ ಹೇಳಿದ್ದೆ, ಜೋಪಾನ. ನಿನ್ನ ಬಗ್ಗೆ ಬರೆ, ನಿನ್ನ ಹಳೆ ಬಟ್ಟೆಯ ಸಂತೆಯ ಬಗ್ಗೆ ಬರೆ. ಅಮ್ಮನ ವಿಷಯ ಸ್ವಲ್ಪ ದಿನ ಬೇಡ.

ನಜೀಹಾ


ಟುನಿಸ್
21 ಡಿಸೆಂಬರ್ 1997

ಪ್ರೀತಿಯ ನಜೀಹಾ,

ಸಂತೆಯ ಬಗ್ಗೆ ಬರೆ ಎಂದೆಯಲ್ಲ, ತಗೋ.

ಹಫ್ಸಿಯಾದಲ್ಲಿ ಹಳೆ ಬಟ್ಟೆಯ ಮೂಟೆ ಒಡೆಯುವ ದಿನ ಹೇಗಿರುತ್ತದೆಂದು ನಿನಗೆ ಗೊತ್ತು. ಎಂಟು ಗಂಟೆಗೆಲ್ಲ ಕಾಲಿಡಲು ಜಾಗವಿರಲಿಲ್ಲ. ತೀಜಾನಿ ಕಾಕಾ ಮೇಜಿನ ಮೇಲೆ ನಿಂತು ಕೂಗಿದ: "ಬಾ ಮೇಷ್ಟ್ರಮ್ಮ, ನಿಮ್ಮಜ್ಜಿ ಕಾಲದ್ದೆಲ್ಲ ಮೂಲೇಲಿ ಕೂತು ನಿನ್ನೇ ಕಾಯ್ತಿದೆ." ನಾನು ಭೂತಗನ್ನಡಿ ತೆಗೆದು ಒಂದು ಸ್ಕರ್ಟಿನ ಜಿಪ್ಪು ನೋಡುತ್ತಿದ್ದೆ. ಹಲ್ಲು ಲೋಹದ್ದೋ ನೈಲಾನಿನದೋ, ಅದರ ಮೇಲೆ ವರ್ಷ ಹೇಳಬಹುದು. ಪಕ್ಕದಲ್ಲಿ ಎರಡೂ ಮೊಣಕೈ ಚಾಚಿ ನಿಂತಿದ್ದ ಹೆಂಗಸು ಕೇಳಿದಳು: "ಅದೇನು ಬಟ್ಟೆ ತಗೋತಿದೀಯೋ, ಕತ್ತೆ ತಗೋತಿದೀಯೋ? ಹಲ್ಲು ನೋಡ್ತಿದೀಯಲ್ಲ?"

"ಎರಡಕ್ಕೂ ಹಲ್ಲಲ್ಲೇ ವಯಸ್ಸು ಗೊತ್ತಾಗೋದು," ಅಂದೆ.

"ಹಾಗಾದ್ರೆ ಬಾಯಿ ಮುಚ್ಕೊಂಡಿರು. ನಿಂದೂ ಗೊತ್ತಾಗಿಬಿಡುತ್ತೆ."

ನಗುತ್ತ ನಗುತ್ತ ಮುಂದಿನ ಮೇಜಿಗೆ ಹೋದೆ. ಅಲ್ಲಿ ಹೊರದೇಶದ ಮೂಟೆಯಲ್ಲ, ಇದೇ ಊರಿನ ಮನೆಗಳು ಖಾಲಿಯಾದಾಗ ಬರುವ ಸಾಮಾನು. ಅಲ್ಲಿ ನನಗೊಂದು ವಸ್ತು ಸಿಕ್ಕಿತು. ಏನೆಂದು ಈಗ ಹೇಳುವುದಿಲ್ಲ. ಇನ್ನಷ್ಟು ಹುಡುಕುವುದಿದೆ, ಎಲ್ಲ ಒಟ್ಟಾದ ಮೇಲೆ ನಿನಗೊಂದು ಪಾರ್ಸೆಲ್ ಬರುತ್ತದೆ. ಈಗ ಶಾಲೆ ಬಿಟ್ಟ ಕೂಡಲೇ ಸಂತೆ, ಸಂತೆಯಿಂದ ಮನೆ. ಇಡೀ ದಿನಕ್ಕೆ ಒಂದು ಬಟ್ಟಲು ಲಬ್ಲಾಬಿ, ಅದೇ ಕಡಲೆಸಾರು, ಕುಡಿದಿದ್ದರೆ ಹೆಚ್ಚು. ತೆಳ್ಳಗಾಗಿದ್ದೇನೆ, ಹಳೆ ಗೌನುಗಳಿಗೆ ಒಳ್ಳೆಯದೇ.

ಒಂದು ಮಾತು ಕೇಳುತ್ತೇನೆ. ಲಸಾದ್ ನಿನಗೆ ಮನೆಯ ವಿಷಯ ಏನಾದರೂ ಬರೆದಿದ್ದಾನಾ? ಅಮ್ಮನ ಕೋಣೆಯ ವಿಷಯ?

ನಿನ್ನ
ಎಮ್ನಾ


ಸೂರ್
10 ಜನವರಿ 1998

ಎಮ್ನಾ,

ಮನೆಯ ವಿಷಯವೆಲ್ಲ ಲಸಾದ್ ನೋಡಿಕೊಳ್ಳುತ್ತಾನೆ. ನನಗೇನೂ ಗೊತ್ತಿಲ್ಲ, ಗೊತ್ತಾಗಬೇಕಾದದ್ದೂ ಇಲ್ಲ. ಅವನು ಒಳ್ಳೆಯವನು. ರಫೀಕಾ ಅವನಿಗಿಂತ ಒಳ್ಳೆಯವಳು.

ಪಾರ್ಸೆಲ್ ಯಾಕೆ? ಇಲ್ಲಿ ಎಲ್ಲವೂ ಸಿಗುತ್ತದೆ. ಉಪವಾಸದ ತಿಂಗಳು, ಸರಿಯಾಗಿ ತಿನ್ನು.

ನಜೀಹಾ


ಟುನಿಸ್
1 ಫೆಬ್ರವರಿ 1998

ನಜೀಹಾ,

ನಿನ್ನಿಂದ ಮುಚ್ಚಿಡಬೇಕೆಂದಿದ್ದೆ, ಇನ್ನು ಆಗುವುದಿಲ್ಲ. ನೀನು ಅಷ್ಟು ದೂರದಲ್ಲಿ ಕೂತು ಅವರನ್ನು ಒಳ್ಳೆಯವರು ಎನ್ನುತ್ತಿದ್ದರೆ ನಾನು ಹೇಗೆ ಸುಮ್ಮನಿರಲಿ?

ಡಿಸೆಂಬರಿನಲ್ಲಿ ಆ ಮೇಜಿನ ಮೇಲೆ ನನಗೆ ಸಿಕ್ಕಿದ್ದು ಚಿಕ್ಕಮ್ಮನ ಕಡುಹಸಿರು ಗೌನು. ಮೊದಲು ನಂಬಲಿಲ್ಲ. ಒಳಗೆ ತಿರುಗಿಸಿದೆ. ಎಕ್ಸ್‌ಚೇಂಜಿನ ಎದುರು ಇದ್ದಳಲ್ಲ, ಸಿಸಿಲಿಯ ಸಿನ್ಯೋರಾ ಕಾರ್ಮೆಲಾ, ಅವಳ ಹೊಲಿಗೆ. ಸೊಂಟದ ಪಕ್ಕ ಚಿಕ್ಕಮ್ಮ ತಾವೇ ಕೈಯಿಂದ ಹಾಕಿದ ಜಿಪ್ಪು. ಕೆಳ ಅಂಚಿನಲ್ಲಿ ಸಿಗರೇಟಿನಿಂದ ಆದ ಸಣ್ಣ ತೂತು. ಮೇಜಿನವನನ್ನು ಕೇಳಿದೆ. "ಬಾಬ್ ಸೂಯಿಕಾ ಕಡೆ ಒಂದು ಮನೇದು, ಅಮ್ಮ ತೀರ್ಕೊಂಡ್ರಂತೆ, ಮಗ ಕೊಟ್ಟ," ಅಂದ. ಉಳಿದದ್ದು ಆಗಲೇ ಬೇರೆ ಮೇಜುಗಳಿಗೆ ಹಂಚಿಹೋಗಿತ್ತು.

ಅವತ್ತಿನಿಂದ ಹುಡುಕುತ್ತಿದ್ದೇನೆ. ಬಿಳಿ ಚುಕ್ಕೆಯದು ಸಿಕ್ಕಿತು. ಬೂದು ರೇಷ್ಮೆಯದು ಸಿಕ್ಕಿತು. ಎರಡು ಕೋಟು ಸಿಕ್ಕವು. ಹಳದಿ ಗೌನನ್ನು ಒಬ್ಬ ಹುಡುಗಿ ಕೊಂಡುಬಿಟ್ಟಿದ್ದಳು. ಅವಳ ಮನೆ ಹುಡುಕಿ ಹೋದೆ. ಅವಳ ಅಜ್ಜಿ ಚಹಾ ಕೊಟ್ಟು, ಕಥೆ ಕೇಳಿ, ಹಳದಿ ಗೌನನ್ನು ಮಡಿಚಿ ನನ್ನ ತೊಡೆಯ ಮೇಲಿಟ್ಟರು, ಬದಲಿಗೆ ಏನೂ ತೆಗೆದುಕೊಳ್ಳಲಿಲ್ಲ. ಒಳ್ಳೆಯದೆಲ್ಲ ಹೆಚ್ಚುಕಡಿಮೆ ನನ್ನ ಕೈಗೆ ಬಂದಿದೆ. ಒಳಲಂಗ, ಹಳೆ ಸ್ವೆಟರು, ಒಂದು ಕಂದು ಫ್ಲಾನೆಲ್ ನಿಲುವಂಗಿ, ಇಂಥವನ್ನೆಲ್ಲ ಮೇಜಿನ ಮೇಲೇ ಬಿಟ್ಟೆ. ಅವಕ್ಕೆ ವಯಸ್ಸೂ ಇಲ್ಲ, ಅಂದವೂ ಇಲ್ಲ.

ಹಬ್ಬದ ದಿನ ನಿಮ್ಮ ಮನೆಗೆ ಹೋದೆ. ನೆಂಟರೆಲ್ಲ ಕೂತಿದ್ದರು. ರಫೀಕಾ ಬಿಸ್ಕತ್ತಿನ ತಟ್ಟೆ ಹಿಡಿದು ಬಂದಳು. ನನಗೆ ತಡೆಯಲಾಗಲಿಲ್ಲ. ಎಲ್ಲರೆದುರೂ ಕೇಳಿದೆ: "ಸತ್ತವರ ಬಟ್ಟೆ ಮಾರಿ ಹಬ್ಬದ ಬಿಸ್ಕತ್ತು ಮಾಡಿದ್ದೀರಾ?" ಲಸಾದ್ ಎದ್ದು ಒಳಗೆ ಹೋದ. ರಫೀಕಾ ತಟ್ಟೆ ಕೆಳಗಿಟ್ಟು, "ಎಮ್ನಾ, ಕೂತ್ಕೋ, ಚಹಾ ತಣ್ಣಗಾಗುತ್ತೆ," ಅಂದಳು, ಅಷ್ಟೇ. ನಾನು ಕೂರಲಿಲ್ಲ.

ಹಸಿರು ಗೌನನ್ನು ನನ್ನ ಕೋಣೆಯಲ್ಲಿ ತೂಗುಹಾಕಿದ್ದೇನೆ. ನೆನಪಿದೆಯಾ, ನಿಮ್ಮ ಚಿಕ್ಕಪ್ಪನ ಮದುವೆಗೆ ಅದನ್ನು ಹಾಕಿಕೊಂಡು ಹೋದದ್ದು ನಾನು. ನಮಗೆ ಹದಿನಾರು. ನಿನಗೆ ಹೊಟ್ಟೆನೋವು ಬಂದು ನೀನು ಮನೆಯಲ್ಲೇ ಉಳಿದೆ. ಚಿಕ್ಕಮ್ಮ ನನ್ನ ಕೈಹಿಡಿದು ಕಾರಿನಿಂದ ಇಳಿಸಿದರು. ನನ್ನ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ದಿನ ಇಲ್ಲ. ಹಳೆ ಬಟ್ಟೆಯ ಹುಚ್ಚು ಹಿಡಿದದ್ದೂ ಅವತ್ತೇ.

ಇವೆಲ್ಲ ನಿನ್ನವು. ಯಾರಾದರೂ ಮಸ್ಕತ್‌ಗೆ ಹೊರಡುವವರಿದ್ದರೆ ಕೊಟ್ಟು ಕಳಿಸುತ್ತೇನೆ.

ಎಮ್ನಾ


ಸೂರ್
22 ಫೆಬ್ರವರಿ 1998

ಎಮ್ನಾ,

ಮಾರಿಸಿದ್ದು ನಾನು.

ಲಸಾದ್ ಇಟ್ಟುಕೊಳ್ಳೋಣ ಎಂದ. ರಫೀಕಾ ಅವನಿಂದ ಎರಡು ಸಲ ಫೋನು ಮಾಡಿಸಿದಳು: "ಒಂದು ಸಲ ಬಂದು ನೋಡ್ಲಿ, ಆಮೇಲೆ ಯೋಚನೆ ಮಾಡೋಣ." ನಾನೇ ಬೇಡವೆಂದೆ. ನಾನು ಬರುವ ಮೊದಲು ಅಮ್ಮನ ಬಟ್ಟೆಯ ಬೀರು ಖಾಲಿಯಾಗಿರಬೇಕು, ನನ್ನ ಹೆಸರು ಯಾರಿಗೂ ಹೇಳಬೇಡಿ ಎಂದೆ. ಅವರು ಹೇಳಲಿಲ್ಲ. ನೀನು ಹಬ್ಬದ ದಿನ, ಅವರ ಮನೆಯಲ್ಲಿ, ಅವರ ನೆಂಟರ ಮುಂದೆ ಅಷ್ಟು ಆಡಿದಾಗಲೂ ಹೇಳಲಿಲ್ಲ. ಈಗ ಅವರ ಮುಖ ನಾನು ಹೇಗೆ ನೋಡಲಿ?

ರಜೆ ಸಿಗಲಿಲ್ಲ ಎಂದಿದ್ದೆ. ರಜೆ ಕೊಟ್ಟಿದ್ದರು. ಪ್ರಿನ್ಸಿಪಾಲಮ್ಮ ಟಿಕೆಟಿನ ವ್ಯವಸ್ಥೆಯನ್ನೂ ಮಾಡಿದ್ದರು. ನಾನು ಪೆಟ್ಟಿಗೆ ಕಟ್ಟಿ, ಅದರ ಪಕ್ಕ ಕೂತು, ವಿಮಾನದ ಹೊತ್ತು ಮೀರುವವರೆಗೂ ಏಳಲಿಲ್ಲ.

ಆ ಮದುವೆಯ ದಿನ ನನಗೆ ಹೊಟ್ಟೆನೋವು ಬಂದಿರಲಿಲ್ಲ. ಹಸಿರು ಗೌನು ಮೊದಲು ಹಾಕಿಸಿದ್ದು ನನಗೆ. ಹೊಲಿಗೆ ಬಿಚ್ಚಿ, ಕಣ್ಣಂದಾಜಿನಲ್ಲೇ ಸಣ್ಣ ಮಾಡಿ, ಅಮ್ಮ ವಾರಗಟ್ಟಲೆ ಕೂತಿದ್ದಳು. ಅವತ್ತು ಜಿಪ್ಪು ಸೊಂಟದ ಹತ್ತಿರ ನಿಂತುಬಿಟ್ಟಿತು. ಅತ್ತೆಯಂದಿರೆಲ್ಲ ಸುತ್ತ ನಿಂತಿದ್ದರು. ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜಿಪ್ಪನ್ನು ಮೆಲ್ಲಗೆ ಕೆಳಗೆಳೆದು ಹೇಳಿದಳು: "ಬಿಚ್ಚು. ಎಮ್ನಾನ ಕರೀರಿ. ಒಳ್ಳೇ ಗೌನು ಹಾಳಾಗೋದು ಬೇಡ." ನೀನು ಓಡಿಬಂದೆ. ನಿನಗೆ ಅದು ಕೈಗವಸಿನ ಹಾಗೆ ಕೂತಿತು. ಹೊಟ್ಟೆನೋವಿನ ಮಾತು ಹೊರಗಿನವರಿಗೆ ಹೇಳಲು ಅಮ್ಮನೇ ಕಟ್ಟಿದ್ದು.

ಆಮೇಲಿನ ಭಾನುವಾರಗಳು ನಿನಗೆ ನೆನಪಿವೆ. ನೀನು ಬರುತ್ತಿದ್ದೆ, ಒಳಗಿನ ಕೋಣೆಯಲ್ಲಿ ನಿಮ್ಮಿಬ್ಬರ ನಗು. ನಾನು ಅಡುಗೆಮನೆಯಲ್ಲಿ ಓದುತ್ತಿದ್ದೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ, ನಿನಗೆ ಏನೂ ಗೊತ್ತಿರಲಿಲ್ಲ. ಆದರೆ ಆ ಗೌನುಗಳನ್ನು ಒಂದೊಂದಾಗಿ ಹುಡುಕಿ ತಂದು ನನಗೇ ಕಳಿಸುತ್ತೇನೆ ಎನ್ನುತ್ತೀಯಲ್ಲ, ಅದಕ್ಕೆ ಏನು ಹೇಳಲಿ?

ಕಳಿಸಬೇಡ.

ಒಂದೇ ಒಂದು ಬೇಕಿತ್ತು. ಆ ಕಂದು ಫ್ಲಾನೆಲ್ ನಿಲುವಂಗಿ. ನನಗೆ ಟೈಫಾಯ್ಡ್ ಆದಾಗ ಅಮ್ಮ ವಾರವೆಲ್ಲ ಅದರಲ್ಲೇ ಇದ್ದಳು. ತಲೆ ಬಾಚಿರಲಿಲ್ಲ, ತುಟಿಗೆ ಬಣ್ಣವಿರಲಿಲ್ಲ, ತೋಳಿಗೆ ಈರುಳ್ಳಿ ವಾಸನೆ. ಅದರ ಜೇಬಿನಲ್ಲಿ ಕೈಯಿಟ್ಟುಕೊಂಡು ನಿದ್ದೆ ಮಾಡುತ್ತಿದ್ದೆ. ಎಲ್ಲವನ್ನೂ ಮಾರಿ ಎಂದು ಲಸಾದ್‌ಗೆ ಗಟ್ಟಿಯಾಗಿ ಹೇಳಿದವಳಿಗೆ, ಅದೊಂದನ್ನು ಇಟ್ಟುಕೊಳ್ಳಿ ಎನ್ನಲು ನಾಚಿಕೆಯಾಯಿತು. ಅದು ಇನ್ನೂ ಆ ಮೇಜಿನ ಮೇಲಿದ್ದರೆ ತೆಗೆದಿಡು.

ನಜೀಹಾ


ಟುನಿಸ್
22 ಮಾರ್ಚ್ 1998

ನಜೀಹಾ,

ನಿನ್ನ ಕಾಗದ ಓದಿದ ದಿನವೇ ರಫೀಕಾಳ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಕ್ಷಮೆ ಕೇಳಿದೆ. ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ ನಿಂತಿದ್ದಳು. "ನಜೀಹಾ ಹೇಳ್ಬೇಡಿ ಅಂದಿದ್ಲು, ಹೇಳ್ಲಿಲ್ಲ. ಅದರಲ್ಲೇನಿದೆ?" ಅಂದಳು. ಅಷ್ಟು ಜನರ ಮುಂದೆ ಹಾಗೆ ಅಂದುಬಿಟ್ಟೆನಲ್ಲ ಎಂದೆ. "ಬೈಸ್ಕೊಳ್ಳೋದು ನನಗೇನು ಹೊಸದಾ? ಶಾದ್ಲಿಯಾ ಅವರ ಸೊಸೆ ಕಣಮ್ಮ ನಾನು. ಹದಿನಾಲ್ಕು ವರ್ಷ ನನ್ನ ಬಟ್ಟೆ ಸರಿಯಿಲ್ಲ, ನನ್ನ ಚಪ್ಪಲಿ ಸರಿಯಿಲ್ಲ. ಬಾ ಒಳಗೆ." ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಇಪ್ಪತ್ತು ವರ್ಷ ಆ ಮನೆಗೆ ಬಂದುಹೋದವಳು ನಾನು, ಇದೊಂದನ್ನೂ ಕಂಡಿರಲಿಲ್ಲ.

ಅಲ್ಲಿಂದ ಸಂತೆಗೆ ಹೋದೆ. ನಿಲುವಂಗಿ ಇರಲಿಲ್ಲ. ತೀಜಾನಿ ಕಾಕಾನನ್ನು ಕರೆದುಕೊಂಡು ಹೋಗಿ ಆ ಮೇಜಿನವನನ್ನು ಕೇಳಿಸಿದೆ. ಮಾರಾಟವಾಗದೆ ಉಳಿದ ಹತ್ತಿಬಟ್ಟೆ, ಫ್ಲಾನೆಲ್ಲು ಎಲ್ಲ ಕತ್ತರಿಸಿ ಬಂದರಿನ ಹತ್ತಿರದ ಗ್ಯಾರೇಜುಗಳಿಗೆ ಒರೆಸುಬಟ್ಟೆಗೆ ಕೊಡುತ್ತಾರಂತೆ. ಗ್ಯಾರೇಜುಗಳಿಗೂ ಹೋದೆ. ಒಬ್ಬ ಮೆಕ್ಯಾನಿಕ್ ಪಾಪ, ತನ್ನ ಡಬ್ಬವನ್ನೆಲ್ಲ ನೆಲಕ್ಕೆ ಸುರಿದ. "ಇಲ್ಲಿಗೆ ಬಂದ ಬಟ್ಟೆ ವಾರ ಕಳೆಯೋದರೊಳಗೆ ಗ್ರೀಸ್ ಆಗೋಗುತ್ತೆ ಅಕ್ಕಾ. ಯಾರ್ದು ಅದು?" ಎಂದು ಕೇಳಿದ. ಗೆಳತಿಯದು ಎಂದೆ.

ನಜೀಹಾ, ಹೋದ ಶನಿವಾರ ಅಂಥದ್ದೇ ಇನ್ನೊಂದು ಸಿಕ್ಕಿತು. ಅದೇ ಕಂದು, ಅದೇ ಕಾಲದ್ದು, ಎರಡು ಜೇಬು. ಮನೆಗೆ ತಂದೆ. ಒಗೆದೆ. ತೋಳಿಗೆ ಈರುಳ್ಳಿ ಸವರಿದೆ. ಸಿಕ್ಕಿತು ಎಂದು ನಿನಗೆ ಕಾಗದ ಬರೆದು ಲಕೋಟೆಯನ್ನೂ ಅಂಟಿಸಿದ್ದೆ. ನಾನು ಆರಿಸಿದ್ದು, ನಿನಗೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಅದು ಹೊಳೆದ ಮೇಲೆ ಆ ಕಾಗದ ಹರಿದು ಹಾಕಿದೆ.

ನಿನ್ನದು ಸಿಗಲಿಲ್ಲ. ನನ್ನ ಕೈಯಲ್ಲಿತ್ತು. ಪಕ್ಕಕ್ಕೆ ಸರಿಸಿ ಅದರ ಕೆಳಗಿದ್ದ ರೇಷ್ಮೆ ಎತ್ತಿಕೊಂಡೆ.

ಎಮ್ನಾ


ಸೂರ್
18 ಜೂನ್ 1998

ಎಮ್ನಾ,

ತಡವಾಯಿತು. ನಿನ್ನ ಕಾಗದವನ್ನು ಮೇಜಿನ ಮೇಲಿಟ್ಟುಕೊಂಡೇ ಇದ್ದೆ. ಆ ಇನ್ನೊಂದು ನಿಲುವಂಗಿಯನ್ನು ಕಳಿಸದಿದ್ದದ್ದು ಒಳ್ಳೆಯದಾಯಿತು. ಕಳಿಸಿದ್ದರೆ ನಾನು ಅದರ ಜೇಬಿನಲ್ಲಿ ಕೈಯಿಟ್ಟು ಮಲಗುತ್ತಿದ್ದೆ ಎಂಬುದೂ ನಿಜ.

ಈ ಬೇಸಿಗೆಗೆ ಊರಿಗೆ ಬರುವುದಿಲ್ಲ. ಶಾಲೆಯಲ್ಲಿ ಇನ್ನೆರಡು ವರ್ಷಕ್ಕೆ ಸಹಿ ಹಾಕಿದ್ದೇನೆ. ಸಿಟ್ಟಿನಿಂದ ಅಲ್ಲ. ಬೀರು ಖಾಲಿಯಾದರೆ ಬರಬಹುದು ಎಂದುಕೊಂಡಿದ್ದೆ. ಈಗ ಬೀರು ಖಾಲಿಯಾಗಿದೆ, ಬರಲು ಏನೂ ಉಳಿದಂತೆ ಕಾಣುತ್ತಿಲ್ಲ.

ಗೌನುಗಳನ್ನು ಏನು ಬೇಕಾದರೂ ಮಾಡು. ನೀನು ಹಾಕಿಕೊಂಡರೆ ನನಗೇನೂ ಅನ್ನಿಸುವುದಿಲ್ಲ.

ಒಂದು ಕೇಳುತ್ತೇನೆ. ಅಷ್ಟೊಂದು ಭಾನುವಾರ ನೀನು ಅವಳ ಜೊತೆ ಕಳೆದೆ. ನಾನು ಇಲ್ಲಿಗೆ ಬಂದ ಮೇಲೂ ಹೋಗುತ್ತಿದ್ದೆ. ಅಮ್ಮ ನನ್ನ ಬಗ್ಗೆ ಏನಾದರೂ ಹೇಳುತ್ತಿದ್ದಳಾ? ಸಮಾಧಾನ ಮಾಡಬೇಡ. ಇದ್ದದ್ದು ಹೇಳು.

ನಜೀಹಾ


ಟುನಿಸ್
5 ಜುಲೈ 1998

ನಜೀಹಾ,

ದಿನಗಟ್ಟಲೆ ನೆನಪು ಮಾಡಿಕೊಂಡೆ. ಚಿಕ್ಕಮ್ಮ ಅಂಚು ಮಡಿಚುವ ರೀತಿ ಹೇಳುತ್ತಿದ್ದರು. ಎಕ್ಸ್‌ಚೇಂಜಿನ ಕಥೆ ಹೇಳುತ್ತಿದ್ದರು, ಯಾವ ಮಂತ್ರಿಯ ದನಿ ಹೇಗಿತ್ತು, ಯಾರು ಯಾರಿಗೆ ಕದ್ದು ಫೋನು ಮಾಡುತ್ತಿದ್ದರು ಎಂದು. ನಿನ್ನ ಮಾತು ಬರುತ್ತಿರಲಿಲ್ಲ.

ಒಂದೇ ಸಲ, ನಾನೇ ಕೇಳಿದೆ. ನೀನು ಒಮಾನ್‌ಗೆ ಹೊರಟ ವರ್ಷ. ಬೂದು ರೇಷ್ಮೆಯದನ್ನು ನನ್ನ ಮೈಮೇಲಿಟ್ಟು ಸರಿಮಾಡುತ್ತಿದ್ದರು. "ನಜೀಹಾ ಅಷ್ಟು ದೂರ ಹೋದ್ರೆ ನಿಮಗೆ ಬೇಜಾರಾಗಲ್ವಾ?" ಅಂದೆ. ಬಾಯಲ್ಲಿ ಗುಂಡುಸೂಜಿಗಳಿದ್ದವು. ಒಂದೊಂದೇ ತೆಗೆದು, "ಅವಳು ಯಾವತ್ತು ಇಲ್ಲಿದ್ಲು?" ಅಂದರು. ಆಮೇಲೆ, "ತೋಳು ಎತ್ತು, ನೋಡೋಣ."

ಇಷ್ಟೇ. ಇದಕ್ಕಿಂತ ಮೆತ್ತನೆಯದು ಒಂದಾದರೂ ಸಿಗುತ್ತದೇನೋ ಎಂದು ಹುಡುಕಿದೆ. ಸಿಗಲಿಲ್ಲ. ಆ ಮಾತಿನಲ್ಲಿ ನೋವಿತ್ತೋ ಇಲ್ಲವೋ ನನಗೆ ತಿಳಿಯದು. ಅವರು ನನ್ನ ಬೆನ್ನ ಹಿಂದೆ ಇದ್ದರು, ಮುಖ ಕಾಣುತ್ತಿರಲಿಲ್ಲ. ತಿರುಗಿ ನೋಡಬಹುದಿತ್ತು. ಕನ್ನಡಿ ನೋಡಿಕೊಳ್ಳುತ್ತಿದ್ದೆ.

ಗೌನುಗಳನ್ನು ಸಂತೆಗೇ ಒಯ್ದು ಕೊಟ್ಟೆ. "ಕೊಂಡಿದ್ದನ್ನ ಯಾರಾದ್ರೂ ಪುಕ್ಕಟೆ ವಾಪಸ್ ಕೊಡ್ತಾರಾ? ಬಿಸಿಲು ಹತ್ತಿದೆಯಾ ಮೇಷ್ಟ್ರಮ್ಮ?" ಎಂದು ತೀಜಾನಿ ಕಾಕಾ ಬೈದ. ಅಲ್ಲೇ ಕಾಲುಮಣೆ ಎಳೆದು ಕೂತಿದ್ದೆ. ಕಾಲೇಜಿನ ಹುಡುಗಿಯೊಬ್ಬಳು ಬಂದು ಹಸಿರು ಗೌನನ್ನು ತನ್ನ ಜೀನ್ಸಿನ ಮೇಲೇ ತೊಟ್ಟುಕೊಂಡಳು. ಗೆಳತಿ ಜಿಪ್ಪು ಎಳೆದಳು. ಅರ್ಧಕ್ಕೇ ನಿಂತಿತು. ಇಬ್ಬರೂ ಬಿದ್ದು ಬಿದ್ದು ನಕ್ಕರು. "ನಾಳೆಯಿಂದ ಬ್ರೆಡ್ಡು ಬಿಡ್ತೀನಿ," ಎಂದಳು. "ನೀನು ಬ್ರೆಡ್ಡು ಬಿಟ್ರೂ ಬ್ರೆಡ್ಡು ನಿನ್ನ ಬಿಡಲ್ಲ," ಎಂದಳು ಗೆಳತಿ. ಗೌನು ತೆಗೆದು ಮೇಜಿನ ಮೇಲೆ ಎಸೆದು ಹೋದರು. ಅಷ್ಟೇ ಆಗಬಹುದಿತ್ತು, ನಜೀಹಾ. ನಿಮ್ಮ ಮನೆಯಲ್ಲೂ ಅವತ್ತು ಅಷ್ಟೇ ಆಗಬಹುದಿತ್ತು.

ಈಗ ಶಾಲೆಗೆ ಬರೀ ಪ್ಯಾಂಟು, ಅಂಗಿ ಹಾಕುತ್ತಿದ್ದೇನೆ. "ಮಿಸ್, ಏನಾಯ್ತು? ಎಲ್ಲರ ಹಾಗೆ ಆಗಿಬಿಟ್ರಲ್ಲ," ಎಂದರು ಹುಡುಗಿಯರು. ಈ ಹುಚ್ಚು ಪೂರ್ತಿ ಬಿಡುತ್ತದೆಂದು ನಾನು ನಂಬುವುದಿಲ್ಲ. ಆದರೆ ಈಗ ಸಂತೆಗೆ ಹೋಗುವಾಗ ಭೂತಗನ್ನಡಿಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇನೆ.

ಎಮ್ನಾ


ಸೂರ್
3 ಸೆಪ್ಟೆಂಬರ್ 1998

ಪ್ರೀತಿಯ ಎಮ್ನಾ,

ನೀನು ಬರೆದದ್ದನ್ನು ಓದಿ ತುಂಬ ಹೊತ್ತು ಸಮುದ್ರದ ಕಡೆ ನಡೆದೆ. ಅಮ್ಮ ಹೇಳಿದ್ದು ಸರಿಯೇ. ನಾನು ಅಲ್ಲಿರಲಿಲ್ಲ. ಅಡುಗೆಮನೆಯಲ್ಲಿ ಕೂತು, ಅವಳು ಬಂದು ಕರೆಯಲಿ ಎಂದು ಕಾಯುತ್ತಿದ್ದೆ. ಅವಳು ಬಹುಶಃ ಒಳಕೋಣೆಯಲ್ಲಿ ನಾನೇ ಬರಲಿ ಎಂದು ಕಾಯುತ್ತಿದ್ದಳು. ಕಾಯದೆಯೂ ಇದ್ದಿರಬಹುದು. ಇನ್ನು ಕೇಳಲು ಯಾರೂ ಇಲ್ಲ. ನೀನು ಸುಳ್ಳು ಹೇಳಲಿಲ್ಲವಲ್ಲ, ಅದಕ್ಕೆ ನಾನು ಋಣಿ.

ನಿನಗೆ ನಗು ಬರುವ ಸಂಗತಿ ಒಂದಿದೆ. ಶಾಲೆ ಶುರುವಾಗುವ ದಿನಕ್ಕೆ ಗೌನು ಹೊಲಿಸೋಣವೆಂದು ದರ್ಜಿಯ ಹತ್ತಿರ ಹೋದೆ. ಮಲಬಾರಿನವನು, ಇಲ್ಲಿ ಪೇಟೆಯಲ್ಲಿ ಸಣ್ಣ ಅಂಗಡಿ. "ಅಳತೆಗೆ ಹಳೇದು ಯಾವುದಾದ್ರೂ ತಂದಿದ್ದೀರಾ ಮೇಡಂ?" ಎಂದ. ಇಲ್ಲ ಎಂದೆ. "ಸರಿಯಾಗಿ ಕೂರೋದು ಒಂದೂ ಇಲ್ವಾ?" ಎಂದ. ನಿಂತು ಯೋಚಿಸಿದೆ. ಮನೆಯಲ್ಲಿದ್ದಷ್ಟು ದಿನ ಅಮ್ಮನದನ್ನು ಬಿಚ್ಚಿ ಹೊಲಿದದ್ದು, ಇಲ್ಲಿಗೆ ಬಂದ ಮೇಲೆ ಅಂಗಡಿಯಲ್ಲಿ ಸಿಕ್ಕ ಸಡಿಲವಾದದ್ದು. ಒಂದೂ ಇಲ್ಲ ಕಣಪ್ಪ, ಎಂದೆ.

ಹೆಂಡತಿಯನ್ನು ಒಳಗಿನಿಂದ ಕರೆದ. ಅವಳು ಟೇಪು ಹಿಡಿದು ಬಂದು ಪರದೆ ಎಳೆದಳು. ಭುಜ, ತೋಳು, ಎದೆ, ಒಂದೊಂದನ್ನೂ ಅಳೆದು ಪರದೆಯಾಚೆಗೆ ಕೂಗಿ ಹೇಳಿದಳು, ಅವನು ಬರೆದುಕೊಂಡ. ನನಗೆ ಮೂವತ್ತಾರು ವರ್ಷವಾಯಿತು ಎಮ್ನಾ, ಇದುವರೆಗೆ ನನ್ನ ಅಳತೆ ಯಾರೂ ತೆಗೆದಿರಲಿಲ್ಲ.

ಸೊಂಟದ ಹತ್ತಿರ ಬಂದಾಗ ಅವಳು ಟೇಪು ಬಿಗಿಯದೆ ಹಾಗೇ ನಿಂತಳು. ಯಾಕೆಂದು ತಿರುಗಿ ನೋಡಿದೆ.

"ಉಸಿರು ಬಿಡಿ ಅಕ್ಕಾ," ಎಂದಳು. "ನೀವು ಉಸಿರು ಬಿಡೋವರೆಗೂ ನಾನು ಬರೆಸಲ್ಲ."

ನಿನ್ನ
ನಜೀಹಾ